ಮತವಿಲ್ಲದ ಮರಗಳ ಪ್ರತಿನಿಧಿ

ಮರಗಳಿಗೆ ಮತದಾನದ ಹಕ್ಕಿಲ್ಲ. ಅವುಗಳ ಪರವಾಗಿ ಅಧಿಕಾರಸ್ಥರೊಡನೆ ವಾದಿಸುವವರು ಯಾರು? ಪಶ್ಚಿಮ ಜರ್ಮನಿಯ ಪೆಟ್ರಾ ಕೆಲ್ಲಿ 1983ರಲ್ಲಿ ಹಸಿರು ಪಕ್ಷದಿಂದ ಸಂಸತ್ತನ್ನು ಪ್ರವೇಶಿಸಿ ವಿರೋಧಪಕ್ಷದ ಸಾಲಿನಲ್ಲಿ ಕುಳಿತರು. ನಮ್ಮ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ಪ್ರತಿಭಟಿಸಿ, 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಜನಿಸಿದ ಸಾಲುಮರದ ತಿಮ್ಮಕ್ಕನವರಾದರೋ ಚುನಾವಣೆಯ ಗೊಡವೆಗೆ ಹೋಗದೆಯೇ ಆ ಕಾರ್ಯವನ್ನು ಮಾಡಿದರು.

ಶಾಲೆಯ ಮುಖ ಕಾಣದ ತಿಮ್ಮಕ್ಕ, ಕುಣಿಗಲ್ ತಾಲ್ಲೂಕಿಗೆ ಹೊಂದಿಕೊಂಡಿರುವ ಮಾಗಡಿ ಸೀಮೆಯ ಹುಲಿಕಲ್ಲಿನ ಚಿಕ್ಕಯ್ಯನವರ ಕೈಹಿಡಿದರು. ಕೂಲಿಯೇ ಜೀವನಾಧಾರ, ಮಕ್ಕಳ ಭಾಗ್ಯವಿರಲಿಲ್ಲ. ದಂಪತಿಗಳು ಕುದೂರಿಗೆ ಹೋಗುವ ರಸ್ತೆಯ ಇಕ್ಕೆಲಗಳಲ್ಲಿ ಆಲದ ಸಸಿಗಳನ್ನು ನೆಟ್ಟರು. ಮೊದಲ ವರ್ಷ 10, ಮರುವರ್ಷ 15, ಮೂರನೆಯ ವರ್ಷ 20. ಕೊಡಗಳಲ್ಲಿ ನೀರು ಹೊತ್ತು ಎರೆದರು. ದನಗಳ ಬಾಯಿಗೆ ಸಿಕ್ಕದಂತೆ ಮುಳ್ಳುಬೇಲಿ ಕಟ್ಟಿದರು. ಹೀಗೆ ಬೆಳೆದ ಮರಗಳು 385. 1991ರಲ್ಲಿ ಪತಿ ತೀರಿಕೊಂಡ ಮೇಲೂ ಆಕೆಯ ಆರೈಕೆ ನಿಲ್ಲಲಿಲ್ಲ.

2019ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ವಿಸ್ತರಣೆಯಿಂದ ಆ ಮರಗಳಿಗೆ ಕೊಡಲಿಯ ಭೀತಿಯೂ ಬಂದಿತು. ನೂರು ದಾಟಿದ ವೃದ್ಧೆ ಮುಖ್ಯಮಂತ್ರಿ ಕುಮಾರಸ್ವಾಮಿಯವರಲ್ಲಿ ಮೊರೆಯಿಟ್ಟರು. ಮರಗಳನ್ನು ಉಳಿಸಿ ಬೇರೆ ಮಾರ್ಗ ಹುಡುಕಲು ಸರ್ಕಾರ ಒಪ್ಪಿತು. 2022ರಲ್ಲಿ ರಾಜ್ಯ ಸರ್ಕಾರವು ಅವರನ್ನು ಪರಿಸರ ರಾಯಭಾರಿಯೆಂದು ಗೌರವಿಸಿ, ಸಂಪುಟ ಸಚಿವರ ಸ್ಥಾನಮಾನವನ್ನಿತ್ತಿತು. 2025ರ ನವೆಂಬರ್ 14ರಂದು ತಿಮ್ಮಕ್ಕ ಕಾಲವಾದರು.

ಸಂಸತ್ತಿನಲ್ಲಿ ಎದ್ದುನಿಂತು ಮಾತನಾಡುವವರು ಬೇಕು, ನಿಜ. ಅವರ ಮಾತಿಗೆ ಬಲ ಬರುವುದು ಮಾತ್ರ ಇಂತಹವರು ಹೊತ್ತ ನೀರಿನಿಂದ.