ನಮ್ಮ ರೈಲುಗಾಡಿಗಳೂ ಪರಿಸರ ಶುದ್ಧಿಯೂ

ಜನರನ್ನು ದೂರದೂರಕ್ಕೆ ಸಾಗಿಸುವ ಸಾಧನಗಳಲ್ಲಿ ರೈಲುಗಾಡಿಯಷ್ಟು ಮಿತವ್ಯಯದ್ದು ಬೇರೊಂದಿಲ್ಲವೆಂಬುದು ವಿದಿತವಾದ ಸಂಗತಿ. ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಉಂಟಾಗುವ ಪ್ರತಿರೋಧವು ರಸ್ತೆಯ ಮೇಲೆ ರಬ್ಬರಿನ ಗಾಲಿ ಉರುಳುವಾಗ ಉಂಟಾಗುವುದಕ್ಕಿಂತ ಎಷ್ಟೋ ಪಾಲು ಕಡಿಮೆ. ಆದರೆ ಮಿತವ್ಯಯವಾದುದೆಲ್ಲ ನಿರ್ಮಲವೆಂದು ಹೇಳಲಾಗದು. ಭಾರತೀಯ ರೈಲ್ವೆಯು ಶತಮಾನಕ್ಕೂ ಮಿಗಿಲಾಗಿ ಆಕಾಶಕ್ಕೆ ಹೊಗೆಯನ್ನೂ ನೆಲಕ್ಕೆ ಹೊಲಸನ್ನೂ ಬಿಡುತ್ತಲೇ ಬಂದಿತು. ಇವೆರಡನ್ನೂ ತಗ್ಗಿಸಲು ಕೈಗೊಂಡ ಕ್ರಮಗಳು ಯಾವುವು, ಅವುಗಳಿಂದ ನಿಜವಾಗಿ ಆದ ಲಾಭವೆಷ್ಟು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ನಮ್ಮ ದೇಶದಲ್ಲಿ ವಿದ್ಯುಚ್ಛಕ್ತಿಯಿಂದ ಮೊದಲ ಗಾಡಿ ಓಡಿದುದು 1925ರ ಫೆಬ್ರವರಿ 3ರಂದು, ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾದವರೆಗೆ. ಅಂದು ಬಳಸಿದುದು 1,500 ವೋಲ್ಟಿನ ಏಕಮುಖ ಪ್ರವಾಹ. 1957ರಲ್ಲಿ 25,000 ವೋಲ್ಟಿನ ಪರ್ಯಾಯ ಪ್ರವಾಹವನ್ನು ಅಂಗೀಕರಿಸಿದ ಮೇಲೆ ಉಪಕೇಂದ್ರಗಳ ನಡುವಣ ಅಂತರ ಹೆಚ್ಚಿ, ತಾಮ್ರದ ವೆಚ್ಚ ತಗ್ಗಿ, ಕಾರ್ಯ ಸುಲಭವಾಯಿತು. ಆದರೂ 2014ರ ವೇಳೆಗೆ ವಿದ್ಯುದೀಕರಣವಾಗಿದ್ದುದು ಮಾರ್ಗದ ಮೂರನೆಯ ಒಂದು ಪಾಲು ಮಾತ್ರ. ಅನಂತರದ ವೇಗ ಅಚ್ಚರಿ ಹುಟ್ಟಿಸುವಂಥದು: 2023ರ ಅಂತ್ಯಕ್ಕೆ ಬ್ರಾಡ್‌ಗೇಜ್ ಮಾರ್ಗದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾಗದ ಮೇಲೆ ತಂತಿ ಎಳೆಯಲಾಗಿತ್ತು. ನಮ್ಮ ಕರಾವಳಿಯ ಮೂಲಕ ಹಾಯುವ ಕೊಂಕಣ ರೈಲು ಮಾರ್ಗದ ವಿದ್ಯುದೀಕರಣ 2022ರಲ್ಲಿ ಪೂರ್ಣಗೊಂಡಿತು.

ಇಲ್ಲಿ ಒಂದು ಆಕ್ಷೇಪಣೆ ಸಹಜವಾಗಿಯೇ ಏಳುತ್ತದೆ. ನಮ್ಮ ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಹಾಗಾದರೆ ಎಂಜಿನಿನ ಹೊಗೆಕೊಳವೆಯನ್ನು ಕಿತ್ತು ಶಾಖ ವಿದ್ಯುದಾಗಾರದ ಮೇಲೆ ನೆಟ್ಟಂತಾಯಿತಷ್ಟೆ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉಗಿಯಂತ್ರವು ಇದ್ದಲಿನ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲನ್ನೂ ಕೆಲಸಕ್ಕೆ ಒದಗಿಸುತ್ತಿರಲಿಲ್ಲ. ಅದನ್ನು ಕೈಬಿಟ್ಟುದರಿಂದ ಲಾಭವಾದುದು ನಿರ್ವಿವಾದ. ಆದರೆ ಡೀಸೆಲ್ ಯಂತ್ರದ ದಕ್ಷತೆಯು ಶಾಖ ವಿದ್ಯುದಾಗಾರದ ದಕ್ಷತೆಗೆ ಬಹುಮಟ್ಟಿಗೆ ಸಮನಾದುದು. ಆದಕಾರಣ ಡೀಸೆಲಿಗೆ ಬದಲು ಇದ್ದಲಿನ ವಿದ್ಯುತ್ತನ್ನು ತಂದ ಮಾತ್ರಕ್ಕೆ ವಾತಾವರಣ ಸೇರುವ ಇಂಗಾಲಾಮ್ಲ ವಾಯು ಗಣನೀಯವಾಗಿ ಇಳಿಯದು. ಲಾಭವಿರುವುದು ಬೇರೆ ಕಡೆ. ಡೀಸೆಲ್ ಎಂಜಿನು ತನ್ನ ಬಾಳಿನುದ್ದಕ್ಕೂ ಡೀಸೆಲನ್ನೇ ಉರಿಸಬೇಕು. ವಿದ್ಯುತ್ ಎಂಜಿನಿಗೆ ಆ ಕಟ್ಟಳೆಯಿಲ್ಲ. ಮೇಲಿನ ತಂತಿಗೆ ಬಿಸಿಲಿನಿಂದಲೋ ಗಾಳಿಯಿಂದಲೋ ಶಕ್ತಿ ಬಂದರೆ ಎಂಜಿನಿನ ಒಂದು ತಿರುಪನ್ನೂ ಬದಲಿಸಬೇಕಿಲ್ಲ. ಮಧ್ಯಪ್ರದೇಶದ ಬೀನಾದಲ್ಲಿ 2020ರಲ್ಲಿ ನಿರ್ಮಿತವಾದ 1.7 ಮೆಗಾವಾಟ್ ಸೌರಸ್ಥಾವರವು ನೇರವಾಗಿ ಈ ತಂತಿಗೇ ಶಕ್ತಿ ನೀಡುವಂಥದು. ಪ್ರಮಾಣದಲ್ಲಿ ಅಲ್ಪವಾದರೂ ಮಾರ್ಗವನ್ನು ಅದು ತೋರಿಸಿದೆ. 2030ರೊಳಗೆ ನಿವ್ವಳ ಇಂಗಾಲವನ್ನು ಶೂನ್ಯಕ್ಕೆ ಇಳಿಸುವುದಾಗಿ ರೈಲ್ವೆ ಸಾರಿರುವ ಗುರಿಯ ಗೆಲುವು ಸೋಲುಗಳು ಇನ್ನು ಮುಂದೆ ಎಂಜಿನಿಗಿಂತ ಹೆಚ್ಚಾಗಿ ವಿದ್ಯುತ್ ಖರೀದಿಯ ಕರಾರುಗಳನ್ನು ಅವಲಂಬಿಸಿರುತ್ತವೆ.

ಎರಡನೆಯ ಲಾಭ ಗಾಡಿಯನ್ನು ನಿಲ್ಲಿಸುವಾಗ ದೊರೆಯುವಂಥದು. ಇಪ್ಪತ್ತಕ್ಕೆ ಮೇಲ್ಪಟ್ಟ ಡಬ್ಬಿಗಳಿರುವ ಗಾಡಿಯ ತೂಕ ಸಾವಿರ ಟನ್ನು ಮುಟ್ಟುತ್ತದೆ. ಅದು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವಾಗ ಅದರಲ್ಲಿ ಅಡಗಿರುವ ಚಲನಶಕ್ತಿ ಸುಮಾರು 107 ಯೂನಿಟ್. ಸಾಧಾರಣ ಬ್ರೇಕಿನಲ್ಲಿ ಇಷ್ಟೂ ಶಾಖವಾಗಿ ವ್ಯರ್ಥವಾಗುತ್ತದೆ. ಇಳಿಜಾರಿನಲ್ಲಿ ಈ ಲೆಕ್ಕ ಇನ್ನೂ ದೊಡ್ಡದು. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಂಗೆ ಇಳಿಯುವ ಘಟ್ಟದಲ್ಲಿ ಇಳಿಜಾರು 37ಕ್ಕೆ 1. ಎಂದರೆ ಸುಮಾರು 3.7 ಕಿಲೋಮೀಟರಿಗೆ ಗಾಡಿ 100 ಮೀಟರ್ ಕೆಳಗಿಳಿಯುತ್ತದೆ. ಅಷ್ಟು ಇಳಿತಕ್ಕೆ ಸಾವಿರ ಟನ್ನಿನ ಗಾಡಿ ಬಿಟ್ಟುಕೊಡುವ ಶಕ್ತಿ ಸುಮಾರು 270 ಯೂನಿಟ್. ಡೀಸೆಲ್ ಎಂಜಿನಿನಲ್ಲಿಯೂ ಮೋಟಾರುಗಳನ್ನು ಜನಕಗಳಾಗಿ ತಿರುಗಿಸಿ ತಡೆಯುವ ಉಪಾಯವುಂಟು. ಆದರೆ ಹುಟ್ಟಿದ ವಿದ್ಯುತ್ತನ್ನು ಕಳಿಸಲು ತಂತಿಯಿಲ್ಲದ ಕಾರಣ, ಅದನ್ನು ಎಂಜಿನಿನೊಳಗಣ ತಂತಿಜಾಲದಲ್ಲಿ ಕಾಯಿಸಿ ಗಾಳಿಗೆ ಬಿಡಬೇಕಾಗುತ್ತದೆ. 1990ರ ದಶಕದ ಮಧ್ಯಭಾಗದಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದು, ಅನಂತರ ಚಿತ್ತರಂಜನ್ ಕಾರ್ಖಾನೆಯಲ್ಲಿಯೇ ತಯಾರಾದ ತ್ರಿಕಲಾ ಎಂಜಿನುಗಳು ಈ ವಿದ್ಯುತ್ತನ್ನು ಮೇಲಿನ ತಂತಿಗೆ ಹಿಂದಿರುಗಿಸಬಲ್ಲವು. ಘರ್ಷಣೆ, ಗಾಳಿಯ ತಡೆ, ಯಂತ್ರದ ನಷ್ಟ ಇವುಗಳನ್ನು ಕಳೆದು ಉಳಿದುದು ಮಾತ್ರ ಕೈಸೇರುವುದು, ನಿಜ. ಆದರೂ ಇಳಿಯುವ ಗಾಡಿ ಏರುವ ಗಾಡಿಗೆ ಹೆಗಲು ಕೊಡುವುದೆಂದರೆ ಸಾಮಾನ್ಯ ಸಂಗತಿಯಲ್ಲ.

ದೀಪ, ಪಂಖ, ಶೀತಲೀಕರಣಗಳಿಗೆ ಬೇಕಾದ ವಿದ್ಯುತ್ತಿನ ವಿಷಯವೂ ಇದಕ್ಕೆ ಸೇರಿದುದೇ. ಜರ್ಮನಿಯ ಮಾದರಿಯ ಎಲ್‌ಎಚ್‌ಬಿ ಡಬ್ಬಿಗಳ ಗಾಡಿಗಳಲ್ಲಿ ಎರಡು ತುದಿಗೂ ಒಂದೊಂದು ಜನಕ ಡಬ್ಬಿಯಿದ್ದು, ಮೇಲೆ ವಿದ್ಯುತ್ ತಂತಿ ಹಾದಿದ್ದರೂ ಅವು ಡೀಸೆಲ್ ಉರಿಸುತ್ತ ಸಾಗುತ್ತಿದ್ದವು! ಈಗ ಎಂಜಿನಿನ ಪರಿವರ್ತಕದಿಂದಲೇ 750 ವೋಲ್ಟಿನ ಪ್ರವಾಹವನ್ನು ಡಬ್ಬಿಗಳಿಗೆ ಕೊಡುವ ಏರ್ಪಾಟಾಗಿದೆ. ಒಂದು ಜನಕ ಡಬ್ಬಿ ಆಪತ್ಕಾಲಕ್ಕೆಂದು ಉಳಿಯುತ್ತದೆ. ಇನ್ನೊಂದರ ಸ್ಥಾನ ಪ್ರಯಾಣಿಕರಿಗೆ ಸಲ್ಲುತ್ತದೆ. ನಿಲ್ದಾಣದಲ್ಲಿ ಕಿವಿಗಡಚಿಕ್ಕುತ್ತಿದ್ದ ಸದ್ದೂ ಅಡಗಿತು.

ಇನ್ನು ಹೊಲಸಿನ ವಿಚಾರ. ಇದು ಅಪ್ರಿಯವಾದರೂ ಪರಿಶೀಲಿಸಲೇಬೇಕಾದುದು. ಡಬ್ಬಿಗಳ ಶೌಚಾಲಯಗಳಿಂದ ಮಲವು ನೇರವಾಗಿ ಕಂಬಿಗಳ ಮೇಲೆ ಬೀಳುತ್ತಿತ್ತು. ಅದರಿಂದ ಕಂಬಿಗಳಿಗೂ ಬಿಗಿಕೊಂಡಿಗಳಿಗೂ ತುಕ್ಕು ಹಿಡಿಯುತ್ತಿದ್ದುದನ್ನು ಅನಿಲ್ ಕಾಕೋಡ್ಕರ್ ಅವರ ಅಧ್ಯಕ್ಷತೆಯ ಸುರಕ್ಷತಾ ಸಮಿತಿ 2012ರಲ್ಲಿ ಎತ್ತಿ ಹೇಳಿತು. ಆದರೆ ಕಂಬಿಯ ಕೇಡಿಗಿಂತ ಹೆಚ್ಚಿನ ಕೇಡು, ನಿಲ್ದಾಣಗಳಲ್ಲಿ ಅದನ್ನು ಬಳಿದು ತೊಳೆಯಬೇಕಾಗಿದ್ದ ಮನುಷ್ಯರದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಅಧಿನಿಯಮವು ರೈಲು ಹಳಿಯನ್ನು ಹೆಸರಿಸಿಯೇ ಹೇಳಿದೆ. ಆದರೆ ಸರ್ಕಾರ ಸೂಚಿಸಿದ ಉಪಕರಣ, ರಕ್ಷಣಾ ಸಾಮಗ್ರಿಗಳೊಡನೆ ಮಾಡುವ ಶುಚಿಕಾರ್ಯ ಆ ವ್ಯಾಖ್ಯೆಗೆ ಒಳಪಡದೆಂಬ ವಿವರಣೆಯನ್ನೂ ಸೇರಿಸಿದೆ. ಕೈಗವಸು ತೊಡಿಸಿದೊಡನೆ ಅಪಮಾನ ತೊಲಗಿತೆಂದು ಭಾವಿಸಿದ ಈ ವಿವರಣೆ ಒಪ್ಪತಕ್ಕದ್ದಲ್ಲ. ಮಲವು ಕಂಬಿಗೆ ಬೀಳದಂತೆ ಮಾಡುವುದೊಂದೇ ನಿಜವಾದ ಪರಿಹಾರವಾಗಿತ್ತು.

ಅದು ಒದಗಿದುದು ರಕ್ಷಣಾ ಸಂಶೋಧನಾ ಸಂಸ್ಥೆಯಿಂದ. ಸಿಯಾಚಿನ್‌ನಂತಹ ಹಿಮಪ್ರದೇಶದ ಸೈನಿಕರಿಗಾಗಿ ರೂಪಿಸಿದ್ದ ವಿಧಾನವನ್ನು ರೈಲಿಗೆ ಅಳವಡಿಸಿ, 2011ರಲ್ಲಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್ಸಿನಲ್ಲಿ ಪ್ರಯೋಗಿಸಲಾಯಿತು. ಡಬ್ಬಿಯ ಕೆಳಗಣ ಉಕ್ಕಿನ ತೊಟ್ಟಿಯಲ್ಲಿ, ಗಾಳಿಯಿಲ್ಲದೆ ಬಾಳುವ ಸೂಕ್ಷ್ಮಾಣುಗಳು ಮಲವನ್ನು ನೀರು ಮತ್ತು ಅನಿಲಗಳಾಗಿ ಒಡೆಯುತ್ತವೆ. ನೀರು ಕ್ಲೋರಿನ್ ಸೋಂಕಿ ಹೊರಬೀಳುತ್ತದೆ. ಅನಿಲದಲ್ಲಿ ಮೀಥೇನ್ ಇರುವುದರಿಂದ ಇದೂ ಸಂಪೂರ್ಣ ನಿರ್ದೋಷಿಯಲ್ಲ. 2019–20ರ ವೇಳೆಗೆ ಸುಮಾರು 68,000 ಡಬ್ಬಿಗಳಲ್ಲಿ 2,40,000ಕ್ಕೂ ಹೆಚ್ಚು ತೊಟ್ಟಿಗಳು ಕೂಡಿದವು.

ಸೂಕ್ಷ್ಮಾಣುಗಳು ತಮ್ಮ ಕೆಲಸವನ್ನು ಮಾಡಿದರೂ ಪ್ಲಾಸ್ಟಿಕ್ ಬಾಟಲಿಯನ್ನು ಅವು ಜೀರ್ಣಿಸಲಾರವು. ಮಹಾಲೇಖಪಾಲರ 2017ರ ವರದಿಯಲ್ಲಿ ಕಂಡ ದೂರುಗಳಲ್ಲಿ ಮುಖ್ಯವಾದುದು, ಬಾಟಲಿ, ಬಟ್ಟೆಗಳಿಂದ ತೊಟ್ಟಿ ಕಟ್ಟಿಕೊಳ್ಳುವುದೇ. ಕಟ್ಟಿಕೊಂಡ ತೊಟ್ಟಿಯನ್ನು ಡಿಪೋದಲ್ಲಿ ತೆರೆದು ಬಿಡಿಸುವವನು ಮತ್ತೆ ಅದೇ ಕಾರ್ಮಿಕ. ಈಚಿನ ಗಾಡಿಗಳಲ್ಲಿ ನಿರ್ವಾತದಿಂದ ಸೆಳೆಯುವ ಏರ್ಪಾಟನ್ನು ಇದಕ್ಕೆ ಜೋಡಿಸಿದ್ದಾರೆ. ಅದಕ್ಕೆ ಬೇಕಾಗುವ ನೀರು ಅತ್ಯಲ್ಪ.