ಆಸನವಿಲ್ಲದ ಬೈಸಿಕಲ್ಲು

ಬೈಸಿಕಲ್ಲೆಂದರೆ ಕುಳಿತು ತುಳಿಯತಕ್ಕ ವಾಹನವೆಂಬುದು ನಮ್ಮೆಲ್ಲರ ತಿಳಿವಳಿಕೆ. ಕುಳಿತುಕೊಳ್ಳುವುದಕ್ಕೆ ಆಸನವೇ ಇಲ್ಲದ, ಮಡ್‌ಗಾರ್ಡು, ಸ್ಟ್ಯಾಂಡು, ಗಂಟೆ, ಕ್ಯಾರಿಯರುಗಳಲ್ಲಿ ಒಂದೂ ಇಲ್ಲದ, ಪಕ್ಕದ ಊರಿಗೆ ಹೋಗಿಬರುವುದಕ್ಕೂ ಒದಗದ ಬೈಸಿಕಲ್ಲೊಂದನ್ನು ಸಾಧಾರಣ ಬೈಸಿಕಲ್ಲಿನ ಹಲವು ಮಡಿ ಬೆಲೆ ತೆತ್ತು ಕೊಳ್ಳುವವರುಂಟೆಂದರೆ ವಾಚಕರು ನಕ್ಕಾರು. ಆದರೂ ಯೂರೋಪಿನ ದೇಶಗಳಲ್ಲಿ ಇಂತಹ ಯಂತ್ರದ ಮೇಲೆ ನಿಂತುಕೊಂಡೇ ಎದೆಯೆತ್ತರದ ಬಂಡೆಗಳನ್ನೇರುವ, ಒಂದು ಮರದ ದಿಮ್ಮಿಯಿಂದ ಮತ್ತೊಂದಕ್ಕೆ ನೆಗೆಯುವ, ಹಿಂದಿನ ಚಕ್ರವೊಂದರ ಮೇಲೆಯೇ ಕುಪ್ಪಳಿಸುತ್ತ ಮುಂದಿನ ಹೆಜ್ಜೆಯನ್ನು ಆಲೋಚಿಸುವ ಕ್ರೀಡೆಯೊಂದು ದಶಕಗಳಿಂದ ನಡೆದುಬಂದಿದೆ. ಇದಕ್ಕೆ ಟ್ರಯಲ್ಸ್ ಎಂದು ಹೆಸರು. ಪರೀಕ್ಷೆಗಳು ಎಂದು ಇದರ ಅರ್ಥ. ಮಕ್ಕಳು ತಾವಾಗಿಯೇ ಹಣ ಕೊಟ್ಟು ಪರೀಕ್ಷೆಗೆ ನಿಲ್ಲುವರೆಂಬುದು ನನ್ನಂತಹ ಹಳೆಯ ಉಪಾಧ್ಯಾಯನಿಗೆ ಸೋಜಿಗದ ಸಂಗತಿಯೇ ಸರಿ!

ಈ ಕ್ರೀಡೆಯು ಮೊದಲು ಹುಟ್ಟಿದ್ದು ಬ್ರಿಟನ್ನಿನ ಮೋಟಾರು ಸೈಕಲ್ಲುಗಳಲ್ಲಿ. ಸ್ಕಾಟ್ಲೆಂಡಿನ ಬೆಟ್ಟಗುಡ್ಡಗಳಲ್ಲಿ 1909ರಷ್ಟು ಹಿಂದೆಯೇ ಇಂತಹ ಪರೀಕ್ಷೆಗಳು ಏರ್ಪಟ್ಟವು. ಅಲ್ಲಿ ವೇಗಕ್ಕೆ ಬೆಲೆಯಿಲ್ಲ. ಕಾಲನ್ನು ನೆಲಕ್ಕೆ ಊರದೆ ಕಲ್ಲುಮುಳ್ಳಿನ ದಾರಿಯನ್ನು ದಾಟಿದವನೇ ಜಾಣ. ಸ್ಪೇನ್ ದೇಶದ ಕ್ಯಾಟಲೋನಿಯಾ ಪ್ರಾಂತದಲ್ಲಿ ಮೊಂಟೆಸ ಎಂಬ ಮೋಟಾರು ಸೈಕಲ್ ಸಂಸ್ಥೆಗೆ ಸೇರಿದ ಸವಾರನಾಗಿದ್ದ ಪೆರೆ ಪಿ ಎಂಬಾತನು, ಇಂಜಿನ್ನಿಲ್ಲದ ಸಣ್ಣ ಬೈಸಿಕಲ್ಲಿನ ಮೇಲೆ ಇದೇ ವಿದ್ಯೆಯನ್ನು ತನ್ನ ಮಗ ಓಟ್ ಪಿ ಎಂಬವನಿಗೆ ಕಲಿಸಿದನು. ಸ್ಪೇನಿನ ಭಾಷೆಯಲ್ಲಿ ಇದಕ್ಕೆ ‘ಟ್ರಯಲ್‌ಸಿನ್’ ಎಂದೇ ಹೆಸರಾಯಿತು. ‘ಸಿನ್’ ಎಂದರೆ ‘ಇಲ್ಲದೆ’ ಎಂದರ್ಥ. ಮಗನು ಮುಂದೆ ಹಲವು ಬಾರಿ ಪ್ರಪಂಚದ ವಿಜೇತನಾದನು. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು 1986ರಿಂದ ಈ ಕ್ರೀಡೆಗೆ ಪ್ರಪಂಚಮಟ್ಟದ ಪಂದ್ಯಗಳನ್ನು ನಡೆಯಿಸುತ್ತಿದೆ. ಕೊನೆಗೆ 2009ರಲ್ಲಿ, ಸ್ಕೈ ದ್ವೀಪದಲ್ಲಿ ಹುಟ್ಟಿ ಎಡಿನ್‌ಬರೋ ನಗರದ ಸೈಕಲ್ ಅಂಗಡಿಯೊಂದರಲ್ಲಿ ರಿಪೇರಿಯ ಕೆಲಸಕ್ಕಿದ್ದ ಡ್ಯಾನಿ ಮ್ಯಾಕ್‌ಆಸ್ಕಿಲ್ ಎಂಬ ತರುಣನು ಆ ನಗರದ ಗೋಡೆ ಕಟಕಟೆಗಳ ಮೇಲೆ ಸವಾರಿಮಾಡಿದ ಕಿರುಚಿತ್ರವೊಂದು ಲೋಕವೆಲ್ಲವನ್ನೂ ಸುತ್ತಿತು. ಅದನ್ನು ಕಂಡ ಹುಡುಗರು ಯಾವ ದೇಶದಲ್ಲಾದರೂ ತಂದೆತಾಯಿಗಳನ್ನು ಕಾಡದೆ ಬಿಟ್ಟಿರಲಾರರು.

ಹೀಗೆ ಕಾಡಿಸಿಕೊಳ್ಳುವ ಗೃಹಸ್ಥನು ಮೊದಲು ತಿಳಿಯತಕ್ಕದ್ದು ಒಂದುಂಟು. ಈ ಯಂತ್ರದಲ್ಲಿ ಹಣವನ್ನು ಎಲ್ಲಿ ಸುರಿಯಬೇಕು, ಎಲ್ಲಿ ಬಿಗಿಹಿಡಿಯಬೇಕು ಎಂಬುದನ್ನು ನಿಶ್ಚಯಿಸುವುದು ಅಂದಚಂದವಲ್ಲ, ಸವಾರನ ಮೊಣಕಾಲು ಹಾಗೂ ಮುಂಭಾಗದ ಹಲ್ಲುಗಳು. ಟ್ರಯಲ್ಸ್ ಸವಾರಿಯಲ್ಲಿ ಎರಡೇ ಕ್ಷಣಗಳು. ಹಿಂದಿನ ಬ್ರೇಕನ್ನು ಹಿಡಿದು ಒಂದೇ ಚಕ್ರದ ಮೇಲೆ ಕಲ್ಲಿನಂತೆ ನಿಲ್ಲುವುದು ಒಂದು. ಬ್ರೇಕನ್ನು ಬಿಟ್ಟು ಅದೇ ಉಸಿರಿನಲ್ಲಿ ಪೆಡಲನ್ನು ಒದೆದು ನೆಗೆಯುವುದು ಇನ್ನೊಂದು. ಬಂಡೆಯ ಅಂಚಿನಲ್ಲಿ ನಿಂತಿರುವಾಗ ಬ್ರೇಕು ಅಂಗುಲದಷ್ಟು ಜಾರಿದರೂ ಸವಾರನು ಬೆನ್ನಡಿಯಾಗಿ ಬೀಳುವನು. ಒದೆಯುವಾಗ ಚೈನು ಕಡಿದರೆ ಅಥವಾ ಫ್ರೀವೀಲಿನ ಹಲ್ಲು ತಪ್ಪಿದರೆ, ಮೈಯ ಭಾರವೆಲ್ಲ ಶೂನ್ಯವನ್ನು ತುಳಿದಂತಾಗಿ, ಮೊಣಕಾಲು ಹ್ಯಾಂಡಲ್ಲಿನ ಕತ್ತಿಗೂ ಮುಖವು ಕಲ್ಲಿಗೂ ಬಡಿಯುವುದು. ಆದುದರಿಂದ ಬ್ರೇಕು, ಫ್ರೀವೀಲು, ಚೈನು, ಈ ಮೂರಕ್ಕೆ ಮೊದಲ ಹಣ. ಉಳಿದುದೆಲ್ಲ ಅನಂತರ.

ಇನ್ನು ಅಳತೆಯ ಮಾತು. ಪಂದ್ಯಗಳಲ್ಲಿ 20 ಅಂಗುಲ ಹಾಗೂ 26 ಅಂಗುಲ ಚಕ್ರಗಳ ಎರಡು ವರ್ಗಗಳಿವೆ. ಬೀದಿಯ ಆಟಕ್ಕೆ ನಡುವಿನ 24 ಅಂಗುಲದ್ದೂ ಬಂದಿದೆ. ಮ್ಯಾಕ್‌ಆಸ್ಕಿಲ್ ಸವಾರಿಮಾಡಿದ್ದು ಈ ಕೊನೆಯದನ್ನು. ಎಳೆಯರಿಗೆ 20 ಅಂಗುಲದ್ದೇ ತಕ್ಕದ್ದು. ಹುಡುಗನು ಬೆಳೆಯುವನೆಂದು ಅಂಗಿಯನ್ನು ದೊಡ್ಡದಾಗಿ ಹೊಲಿಸುವಂತೆ ಇದನ್ನೂ ದೊಡ್ಡದಾಗಿ ಕೊಳ್ಳಬಾರದು; ಎತ್ತಲಾರದ ಯಂತ್ರದಿಂದ ಕಲಿಯುವುದೇನೂ ಇಲ್ಲ. ಫ್ರೇಮಿನಲ್ಲಿ ನೋಡಬೇಕಾದ ಲಕ್ಷಣವೇನೆಂದರೆ, ಸಾಧಾರಣ ಬೈಸಿಕಲ್ಲಿನಲ್ಲಿ ಪೆಡಲುಗಳ ಅಚ್ಚು ಚಕ್ರಗಳ ಅಚ್ಚಿಗಿಂತ ಕೆಳಗಿದ್ದರೆ, ಇದರಲ್ಲಿ ಮೇಲಿರುವುದು. ಕಲ್ಲಿಗೆ ತಾಗದಿರಲೆಂದೂ, ಮುಂಗಾಲನ್ನೆತ್ತುವ ಕುದುರೆಯಂತೆ ಹಿಂಚಕ್ರದ ಮೇಲೆ ಸುಲಭವಾಗಿ ಏಳಲೆಂದೂ ಈ ಏರ್ಪಾಡು.

ಹಲ್ಲುಚಕ್ರಗಳ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ 28 ಅಂಗುಲದ ಊರ ಬೈಸಿಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರು ಮುಂದೆ ಹೋಗುವೆವು. ಟ್ರಯಲ್ಸಿನ 20 ಅಂಗುಲದ ಯಂತ್ರದಲ್ಲಿ ವಾಡಿಕೆಯಾಗಿ ಮುಂದೆ 18, ಹಿಂದೆ 12. ಒಂದು ಸುತ್ತಿಗೆ ಎರಡೂ ಕಾಲು ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. 26 ಅಂಗುಲದ್ದರಲ್ಲಿ 18ಕ್ಕೆ 15 ಅಥವಾ 22ಕ್ಕೆ 18 ಇಡುವರು. ಲೆಕ್ಕಮಾಡಿದರೆ ಫಲವು ಹೆಚ್ಚುಕಡಮೆ ಅಲ್ಲಿಗೇ ಬರುವುದು. ದೂರ ಹೋಗುವುದು ಇಲ್ಲಿ ಬೇಡ. ಕಾಲು ಸುತ್ತಿನ ಒದೆತದಲ್ಲಿ ಮೈಯನ್ನು ಮೇಲಕ್ಕೆ ಚಿಮ್ಮಿಸುವ ಬಲ ಬೇಕು.

ಈಗ ಫ್ರೀವೀಲು. ಇದು ಎಲ್ಲ ಬೈಸಿಕಲ್ಲುಗಳಲ್ಲಿ ಹಿಂದಿನ ಚಕ್ರದಲ್ಲಿರುವುದಷ್ಟೆ. ಹಿಂದೆ 12 ಹಲ್ಲಿನಷ್ಟು ಚಿಕ್ಕ ಚಕ್ರದೊಳಗೆ ಅದನ್ನು ಅಡಗಿಸಲು ಸ್ಥಳವಿಲ್ಲದುದರಿಂದ, ಟ್ರಯಲ್ಸಿನವರು ಅದನ್ನು ಮುಂದಕ್ಕೆ ತಂದು ಕ್ರ್ಯಾಂಕಿನ ಮೇಲೆಯೇ ಕೂರಿಸಿಬಿಟ್ಟರು. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಅದರ ಹೊರಗಿನ ಹಲ್ಲುಗಳನ್ನು ಕುರಿತದ್ದಲ್ಲ, ಒಳಗೆ ಒಂದು ಸುತ್ತಿಗೆ ಎಷ್ಟು ಕಡೆ ಕಚ್ಚುವುದೆಂಬುದು. ಸಾಧಾರಣ ಫ್ರೀವೀಲು ಒಂದು ಸುತ್ತಿಗೆ ಹದಿನಾರೋ ಹದಿನೆಂಟೋ ಕಡೆ ಕಚ್ಚುವುದು. ಎಂದರೆ ಕಾಲು ಇಪ್ಪತ್ತು ಡಿಗ್ರಿಯಷ್ಟು ಬರಿದೇ ಸರಿದ ಮೇಲೆಯೇ ಚೈನು ಎಳೆಯುವುದು. 72 ಕಡೆ ಕಚ್ಚುವುದರಲ್ಲಿ ಈ ಸರಿತ 5 ಡಿಗ್ರಿ. 108 ಕಡೆ ಕಚ್ಚುವುದರಲ್ಲಿ ಮೂರು ಡಿಗ್ರಿಗೆ ಸ್ವಲ್ಪ ಹೆಚ್ಚು. ನೆಗೆಯುವವನಿಗೆ ಈ ವ್ಯತ್ಯಾಸವು ಗಟ್ಟಿನೆಲಕ್ಕೂ ಕೆಸರಿಗೂ ಇರುವ ವ್ಯತ್ಯಾಸದಂತೆ. ಆದರೆ ಕಚ್ಚುವ ಕಡೆಗಳು ಹೆಚ್ಚಿದಷ್ಟೂ ಒಳಹಲ್ಲುಗಳು ಸಣ್ಣವಾಗುವುವು. ಒರಟಾಗಿ ಮಾಡಿದ 108ರದ್ದಕ್ಕಿಂತ ನಂಬಿಕೆಯಾಗಿ ಮಾಡಿದ 72ರದ್ದೇ ಮೇಲೆಂದು ನನ್ನ ಅಭಿಪ್ರಾಯ. ಜಾಹೀರಾತಿನ ಸಂಖ್ಯೆಯು ಹಲ್ಲನ್ನು ಕಾಯಲಾರದು.

ಬ್ರೇಕಿನ ವಿಷಯವು ಎಲ್ಲಕ್ಕಿಂತ ಸ್ವಾರಸ್ಯವಾದುದು. ಜರ್ಮನಿಯ ಮಾಗುರ ಸಂಸ್ಥೆಯವರು ಮಾಡಿದ, ತಂತಿಗೆ ಬದಲಾಗಿ ಎಣ್ಣೆಯ ಒತ್ತಡದಿಂದ ರಿಮ್ಮನ್ನು ಅಮುಕುವ ಬ್ರೇಕು ಈ ಕ್ರೀಡೆಯಲ್ಲಿ ಬಹುಕಾಲದಿಂದ ಮನೆಮಾತು. ಬೀದಿಯ ಯಂತ್ರಗಳಲ್ಲಿ ಡಿಸ್ಕ್ ಬ್ರೇಕುಗಳೂ ಉಂಟು. ಒಂದೇ ಬೆರಳಿನಿಂದ ಎಳೆದರೂ ಚಕ್ರವು ಕೀಲಿಹಾಕಿದಂತೆ ನಿಲ್ಲಬೇಕು. ಇದಕ್ಕಾಗಿ ಹಿಂದೆ ರಿಮ್ಮಿಗೆ ಟಾರು ಸವರುತ್ತಿದ್ದುದೂ ಉಂಟು! ಅದಕ್ಕಿಂತ ಬಲವಾದ ಉಪಾಯವೆಂದರೆ, ಗ್ರೈಂಡರಿನಿಂದ ರಿಮ್ಮಿನ ಪಕ್ಕಗಳನ್ನು ಒರಟುಮಾಡುವುದು. ಹೊಸ ರಿಮ್ಮಿನ ಹೊಳೆಯುವ ಮೈಯನ್ನು ಗೀರಿ ಕೆಡಿಸುವುದನ್ನು ಕಂಡರೆ ತಂದೆಗೆ ಕರುಳು ಚುರ್ರೆನ್ನುವುದು ಸಹಜವೇ. ಆದರೆ ನುಣುಪಾದ ರಿಮ್ಮು ಮಳೆಯಲ್ಲಿ ನೆನೆದರೆ ಸಾಬೂನಿನಂತೆ ಜಾರುವುದು, ಗೀರಿದುದು ಕಚ್ಚಿಕೊಳ್ಳುವುದು. ಗೀರುಗಳು ಸವೆದಾಗ ಮತ್ತೆ ಗೀರಬೇಕು; ಗೀರಿದಷ್ಟೂ ರಿಮ್ಮು ತೆಳುವಾಗುವುದೆಂಬುದನ್ನೂ ಮರೆಯಬಾರದು. ಈ ಕೆಲಸವನ್ನು ಕಣ್ಣಿಗೆ ಕನ್ನಡಕವಿಲ್ಲದೆ ಮಾಡತಕ್ಕದ್ದಲ್ಲ. ಹುಡುಗರ ಕೈಗೆ ಗ್ರೈಂಡರನ್ನು ಒಪ್ಪಿಸತಕ್ಕದ್ದೂ ಅಲ್ಲ.

ಬ್ರೇಕಿನ ಪ್ಯಾಡುಗಳೆರಡೂ ರಿಮ್ಮಿಗೆ ಒಂದೇ ಕಾಲದಲ್ಲಿ, ಮೈಯೆಲ್ಲ ಸಮನಾಗಿ ತಾಗುವಂತೆ ಕೂರಿಸುವುದರಲ್ಲಿ ಒಂದು ಸಂಜೆ ಕಳೆದರೂ ನಷ್ಟವಿಲ್ಲ. ಬ್ರೇಕು ಅಮುಕಿದಾಗ ಫ್ರೇಮಿನ ತೋಳುಗಳೇ ಹೊರಕ್ಕೆ ಬಾಗುವುದನ್ನು ತಡೆಯಲು ಕುದುರೆಲಾಳದ ಆಕಾರದ ಪಟ್ಟಿಯೊಂದನ್ನು ಅವೆರಡಕ್ಕೂ ಸೇರಿಸಿ ಬಿಗಿಯುವರು. ಹಿಡಿಕೆಯು ಹಿಟ್ಟಿನ ಮುದ್ದೆಯಂತೆ ಮೆತ್ತಗಾದರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ತಿಳಿದು, ಪಿಚಕಾರಿಯಿಂದ ಹೊಸ ಎಣ್ಣೆಯನ್ನು ತುಂಬಿ ಗುಳ್ಳೆಗಳನ್ನು ಹೊರಡಿಸಬೇಕು. ಮಾಗುರದಂತಹ ಬ್ರೇಕಿಗೆ ಖನಿಜ ತೈಲವೇ ಆಗಬೇಕು. ಮನೆಯಲ್ಲಿ ಕಾರಿನ ಬ್ರೇಕಿನ ದ್ರವವಿದೆಯಲ್ಲ ಎಂದು ಅದನ್ನು ಸುರಿದರೆ ಒಳಗಿನ ರಬ್ಬರು ಮುದ್ರಿಕೆಗಳು ಉಬ್ಬಿ ಹಾಳಾಗುವುವು.

ಚೈನನ್ನು ಬಿಗಿಮಾಡಲು ಹಿಂದಿನ ಅಚ್ಚಿನ ಎರಡು ಕಡೆಗಳಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಬಿಲ್ಲೆಗಳಿರುವುವು. ಎರಡನ್ನೂ ಸಮನಾಗಿ ತಿರುಗಿಸಿದರೆ ಚಕ್ರವು ಸೊಟ್ಟಗಾಗದೆ ಹಿಂದೆ ಸರಿಯುವುದು. ಚೈನು ಸಡಿಲವಾದರೆ ಹಲ್ಲು ಹಾರುವುದು, ಅತಿ ಬಿಗಿಯಾದರೆ ಫ್ರೀವೀಲಿನ ಗುಂಡುಗಳು ಸವೆಯುವುವು. ಪೆಡಲನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಅತ್ಯಂತ ಬಿಗಿಯಾದ ಜಾಗದಲ್ಲಿ ನೋಡಿ ನಿಶ್ಚಯಿಸಬೇಕು.

ಹ್ಯಾಂಡಲ್ಲಿನ ಏರನ್ನು ಮೊದಲು ಮುಂದಿನ ಫೋರ್ಕಿನ ರೇಖೆಗೆ ಸರಿಯಾಗಿ ನಿಲ್ಲಿಸಿ, ವಾರದ ಅಭ್ಯಾಸದ ಮೇಲೆ ಬೇಕಾದರೆ ಎಳ್ಳಷ್ಟು ಹಿಂದೆ ಮುಂದೆ ಮಾಡಬಹುದು. ಹಿಂದಿನ ಟೈರಿಗೆ ಗಾಳಿ ಕಡಮೆಯಿರಬೇಕು; ದೊಡ್ಡವರಿಗೆ 20 ಪೌಂಡಿನ ಆಸುಪಾಸು, ಎಳೆಯರಿಗೆ ಇನ್ನೂ ಕಡಮೆ. ಟೈರು ಕಲ್ಲಿನ ಮೂಲೆಯನ್ನು ಅಂಗೈಯಂತೆ ಹಿಡಿಯುವುದು ಇದರಿಂದಲೇ. ತೀರ ಇಳಿಸಿದರೆ ರಿಮ್ಮು ಕಲ್ಲಿಗೆ ತಾಗಿ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತುಗಳಾಗುವುವು.

ಲಾಘವದ ಮೋಹವನ್ನು ಕುರಿತು ಎರಡು ಮಾತು. ವ್ಯಾಕರಣವನ್ನೋದಿದವನಿಗೆ ಲಾಘವದಲ್ಲಿ ಪ್ರೀತಿ ಹೆಚ್ಚು. ಆದರೆ ಸೂತ್ರಕಾರನು ಅರ್ಥ ಕೆಡುವವರೆಗೆ ಅಕ್ಷರವನ್ನು ಕಳೆಯುವುದಿಲ್ಲ. ಒಳ್ಳೆಯ 20 ಅಂಗುಲದ ಟ್ರಯಲ್ಸ್ ಯಂತ್ರವು ಏಳೆಂಟು ಕಿಲೋಗ್ರಾಮಿನಷ್ಟೇ ತೂಗುವುದು. ರಿಮ್ಮಿನ ನಡುವೆ ಸಾಲಾಗಿ ತೂತುಗಳನ್ನು ಕೊರೆದಿರುವುದು, ಆಸನವನ್ನು ತೆಗೆದುಹಾಕಿರುವುದು ಯುಕ್ತವೇ; ಅಲ್ಲಿ ಭಾರಕ್ಕೆ ಪ್ರಯೋಜನವಿಲ್ಲ. ಆದರೆ ತೂಕ ಕಳೆಯಲೆಂದು ಹಗುರವಾದ ಚೈನನ್ನೋ ಟೊಳ್ಳಾದ ಪೆಡಲಿನ ಅಚ್ಚನ್ನೋ ಕಲಿಯುವವನಿಗೆ ಹಾಕಿಸುವುದು ಅವಿವೇಕ. ಪಂದ್ಯದ ಸವಾರರು ಅಂತಹುದನ್ನು ಬಳಸಿದರೆ, ಅವರು ಅವನ್ನು ಕಾಲಕಾಲಕ್ಕೆ ಬದಲಾಯಿಸಿಯೂ ಬಿಡುವರು. ಮನೆಯ ಹುಡುಗನ ಯಂತ್ರದಲ್ಲಿ ಅದೇ ಭಾಗವು ಮುರಿಯುವವರೆಗೂ ಉಳಿಯುವುದು.

ಹೊಸದರ ಬೆಲೆ ಕೈಗೆಟುಕದಿದ್ದರೆ ಬಳಸಿದ ಯಂತ್ರವನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹಗಲಿನಲ್ಲಿ, ಮೈಯನ್ನೆಲ್ಲ ತೊಳೆಸಿ ನೋಡಬೇಕು. ಫ್ರೇಮಿನ ಅಡಿಯಲ್ಲಿ ಗೀಚುಗಳಿದ್ದರೆ ಚಿಂತೆಯಿಲ್ಲ, ಅದು ಕಲ್ಲಿಗೆ ತಾಗಿದ ಗುರುತು. ಹ್ಯಾಂಡಲ್ ಕೂರುವ ಕೊಳವೆಯ ಹಿಂದೆ, ಪೆಡಲಿನ ಅಚ್ಚಿನ ಸುತ್ತ, ಹಿಂದಿನ ಚಕ್ರವನ್ನು ಹಿಡಿಯುವ ತುದಿಗಳಲ್ಲಿ, ಬೆಸುಗೆಯ ಅಂಚಿಗೆ ಹೊಂದಿಕೊಂಡು ಕೂದಲೆಳೆಯಂತಹ ಗೆರೆ ಕಂಡರೆ ಮಾತ್ರ ಬೆಲೆಯ ಮಾತನ್ನೇ ಎತ್ತದೆ ಹಿಂದಿರುಗತಕ್ಕದ್ದು. ಅಲ್ಯುಮಿನಿಯಂ ಬಿರುಕುಬಿಟ್ಟ ಮೇಲೆ ಹೆಚ್ಚು ಮುನ್ಸೂಚನೆ ಕೊಡದೆ ಮುರಿಯುವುದು. ರಿಮ್ಮಿನಲ್ಲಿ ಕಡ್ಡಿಗಳು ಸೇರುವ ತೂತುಗಳ ಸುತ್ತಲೂ ಹೀಗೆಯೇ ಪರೀಕ್ಷಿಸಬೇಕು. ಇವೆಲ್ಲ ಸರಿಯಿದ್ದರೆ ಕೊಂಡು, ಅದರೊಡನೆ ಬಂದ ಹಳೆಯ ಚೈನನ್ನು ಅದೇ ದಿನ ಬಿಚ್ಚಿ ಬಿಸುಟು ಹೊಸದನ್ನು ಹಾಕಿಸುವುದು. ಹೆಲ್ಮೆಟ್ಟನ್ನೂ ಮೊಣಕಾಲಿನಿಂದ ಪಾದದವರೆಗೆ ಮುಚ್ಚುವ ಕಾಪುಗಳನ್ನೂ ಅದೇ ಲೆಕ್ಕದಲ್ಲಿ ಸೇರಿಸಿ ಹಣವನ್ನು ಎತ್ತಿಡುವುದು. ಮೊದಲ ತಿಂಗಳು ಹುಲ್ಲಿನ ಮೇಲೆ, ಇಟ್ಟಿಗೆಯಷ್ಟು ಎತ್ತರದ ಹಲಗೆಯೇ ಸಾಕು.