ಕಳೆದುಕೊಂಡವನಿಗೆ ಮೂರು ಪಟ್ಟು

ಭಾರತ ಸರ್ಕಾರ ಅಮೆರಿಕದ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು ಎಂದರೆ ನಮಗೆ ಥಟ್ಟನೆ ನೆನಪಾಗುವುದು ಭೋಪಾಲ. 1984ರ ಅನಿಲ ದುರಂತದ ನಂತರ ಯೂನಿಯನ್ ಕಾರ್ಬೈಡ್ ವಿರುದ್ಧ ನ್ಯೂಯಾರ್ಕಿನಲ್ಲಿ ಹೂಡಿದ ದಾವೆಯನ್ನು ಅಲ್ಲಿನ ನ್ಯಾಯಾಧೀಶರು 1986ರಲ್ಲಿ, ವಿಚಾರಣೆ ಭಾರತದಲ್ಲೇ ನಡೆಯಲಿ ಎಂದು ಹೇಳಿ ವಜಾ ಮಾಡಿದರು. ಆದರೆ ಅದಕ್ಕೂ ಎಂಟು ವರ್ಷ ಮೊದಲು, ಅದೇ ದೇಶದ ಸುಪ್ರೀಂ ಕೋರ್ಟಿನಲ್ಲಿ ಭಾರತದ ಪರವಾಗಿ ತೀರ್ಪು ಬಂದ ಇನ್ನೊಂದು ಮೊಕದ್ದಮೆ ಇದೆ. ಅದರ ಹೆಸರು 'ಫೈಜರ್ ವಿರುದ್ಧ ಭಾರತ ಸರ್ಕಾರ'. ವಕೀಲರನ್ನು ಬಿಟ್ಟರೆ ಅದನ್ನು ನೆನೆಯುವವರು ಕಡಿಮೆ.

ಜಗಳ ಹುಟ್ಟಿದ್ದು ಒಂದು ಮಾತ್ರೆಯಿಂದ. 1950ರ ದಶಕದಲ್ಲಿ ಟೆಟ್ರಾಸೈಕ್ಲಿನ್ ಎಂಬ ಔಷಧ ಬಂತು. ಹಲವು ಬಗೆಯ ಸೋಂಕುಗಳಿಗೆ ಒಂದೇ ಮದ್ದು. ಫೈಜರ್ ಕಂಪನಿಗೆ ಅದರ ಪೇಟೆಂಟ್ ಸಿಕ್ಕಿದ್ದು 1955ರಲ್ಲಿ. ಅಮೆರಿಕನ್ ಸಯನಮಿಡ್, ಬ್ರಿಸ್ಟಲ್, ಸ್ಕ್ವಿಬ್, ಅಪ್‌ಜಾನ್ ಕಂಪನಿಗಳೂ ಅದನ್ನು ಮಾರುತ್ತಿದ್ದವು. ಮಾರುವವರು ಐದು ಜನ, ಆದರೆ ಬೆಲೆ ಮಾತ್ರ ಒಂದೇ! ನೂರು ಕ್ಯಾಪ್ಸೂಲಿನ ಶೀಶೆ ಔಷಧಿ ಅಂಗಡಿಗೆ 30 ಡಾಲರಿನ ಆಸುಪಾಸು, ರೋಗಿಯ ಕೈಸೇರುವಾಗ 51 ಡಾಲರು. ತಯಾರಿಕೆಯ ಖರ್ಚು ಇದರ ಒಂದು ಸಣ್ಣ ಪಾಲು ಮಾತ್ರ ಎಂದು ಸರ್ಕಾರದ ವಕೀಲರು ಮುಂದೆ ನ್ಯಾಯಾಲಯದಲ್ಲಿ ವಾದಿಸಿದರು.

ಇದರಲ್ಲಿ ಭಾರತಕ್ಕೆ ಏನು ಸಂಬಂಧ? ಸೆನೆಟರ್ ಎಸ್ಟೆಸ್ ಕೆಫಾವರ್ ಅವರ ಸಮಿತಿ ಅಮೆರಿಕದ ಔಷಧ ಬೆಲೆಗಳನ್ನು ಜಾಲಾಡಿದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಇಂಥ ಕೆಲವು ಆಂಟಿಬಯೋಟಿಕ್‌ಗಳ ಬೆಲೆ ಜಗತ್ತಿನಲ್ಲೇ ಅತಿ ಹೆಚ್ಚು ಇದ್ದ ದೇಶಗಳಲ್ಲಿ ಭಾರತವೂ ಒಂದು! ಅಮೆರಿಕದ ಕೂಲಿಗಿಂತ ನಮ್ಮ ಕೂಲಿ ಎಷ್ಟು ಕಡಿಮೆ ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಔಷಧದ ಮೇಲೇ ಪೇಟೆಂಟ್ ಕೊಡುತ್ತಿದ್ದ ನಮ್ಮ ಹಳೆಯ ಕಾನೂನು ಅದಕ್ಕೊಂದು ಕಾರಣ. ಅದನ್ನು 1970ರ ಪೇಟೆಂಟ್ ಕಾಯಿದೆ ಬದಲಿಸಿತು. ಆದರೆ ಅಷ್ಟರೊಳಗೆ ತೆತ್ತ ಹಣ ತೆತ್ತಂತೆಯೇ ಉಳಿದಿತ್ತು.

ಈ ಹಣವನ್ನು ಮರಳಿ ಕೇಳಲು ಭಾರತ ಹಿಡಿದ ಅಸ್ತ್ರ ಅಮೆರಿಕದ್ದೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಎಣ್ಣೆ, ಸಕ್ಕರೆ ಮುಂತಾದ ಉದ್ಯಮಗಳ ಧಣಿಗಳು ತಮ್ಮ ಕಂಪನಿಗಳನ್ನೆಲ್ಲ ಒಂದೇ ಹಿಡಿತಕ್ಕೆ ತಂದುಕೊಂಡಿದ್ದರು. ಅಂಥ ಕೂಟಕ್ಕೆ 'ಟ್ರಸ್ಟ್' ಎಂದು ಹೆಸರು. ನಮ್ಮ ಊರಿನ ದೇವಸ್ಥಾನದ ಟ್ರಸ್ಟಿಗೂ ಇದಕ್ಕೂ ಹೆಸರಿನಲ್ಲಷ್ಟೇ ನಂಟು. ಇವನ್ನು ಮುರಿಯಲು 1890ರಲ್ಲಿ ಶರ್ಮನ್ ಕಾಯಿದೆ ಬಂತು. ಅದರ ಏಳನೆಯ ಸೆಕ್ಷನ್ ಒಂದು ಹೊಸ ಬಾಗಿಲು ತೆರೆಯಿತು: ಇಂಥ ಒಳಒಪ್ಪಂದದಿಂದ ನಷ್ಟವಾದವನು ಸರ್ಕಾರದ ದಾರಿ ಕಾಯದೆ ತಾನೇ ದಾವೆ ಹೂಡಬಹುದು, ಗೆದ್ದರೆ ನಷ್ಟದ ಮೂರು ಪಟ್ಟು ಪರಿಹಾರ, ಮೇಲೆ ವಕೀಲರ ಫೀಸು. ಮೂರು ಪಟ್ಟಿನ ಲೆಕ್ಕ ಅಮೆರಿಕನ್ನರ ಸ್ವಂತದ್ದಲ್ಲ. ಏಕಸ್ವಾಮ್ಯಗಳ ವಿರುದ್ಧ ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಮೊದಲಲ್ಲೇ ಬಂದ ಶಾಸನದಲ್ಲಿಯೂ ಅದಿತ್ತು. 1914ರ ಕ್ಲೇಟನ್ ಕಾಯಿದೆ ಇದನ್ನು ಇನ್ನಷ್ಟು ಗಟ್ಟಿ ಮಾಡಿತು.

ಮೂರು ಪಟ್ಟು ಏಕೆ? ಒಳಸಂಚು ಗುಟ್ಟಿನಲ್ಲಿ ನಡೆಯುತ್ತದೆ. ಹತ್ತರಲ್ಲಿ ಎಷ್ಟು ಬಯಲಾಗುತ್ತವೋ ಹೇಳುವಂತಿಲ್ಲ. ಸಿಕ್ಕಿಬಿದ್ದಾಗ ದೋಚಿದ್ದಷ್ಟನ್ನೇ ಕಕ್ಕಿಸಿದರೆ, ಸಿಕ್ಕಿಬೀಳದ ಉಳಿದ ಸಲದ ಲಾಭ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಇನ್ನೊಂದು ಕಾರಣ ಮನುಷ್ಯ ಸ್ವಭಾವದ್ದು. ಕೋಟಿ ಕೋಟಿ ಸುರಿಯಬಲ್ಲ ಕಂಪನಿಯ ಎದುರು ವರ್ಷಗಟ್ಟಲೆ ಕೋರ್ಟು ಅಲೆಯಲು ಸಾಮಾನ್ಯ ವ್ಯಾಪಾರಿಗೆ ಏನಾದರೊಂದು ಆಸೆ ಬೇಕಲ್ಲವೇ?

ಇದರ ಬಲ ಗೊತ್ತಾದದ್ದು ವಿದ್ಯುತ್ ಯಂತ್ರಗಳ ಹಗರಣದಲ್ಲಿ. ಜನರಲ್ ಎಲೆಕ್ಟ್ರಿಕ್, ವೆಸ್ಟಿಂಗ್‌ಹೌಸ್ ಮೊದಲಾದ ಕಂಪನಿಗಳ ಅಧಿಕಾರಿಗಳು 1950ರ ದಶಕದಲ್ಲಿ ಮೊಹರು ಮಾಡಿದ ಟೆಂಡರುಗಳನ್ನು ಮೊದಲೇ ತಮ್ಮೊಳಗೆ ಹಂಚಿಕೊಳ್ಳುತ್ತಿದ್ದರು. ಯಾವ ಪಕ್ಷದಲ್ಲಿ ಯಾರು ಕಡಿಮೆ ದರ ಬರೆಯಬೇಕೆಂದು ಹೇಳುವ ಅವರ ಪಟ್ಟಿಗೆ 'ಚಂದ್ರನ ಕಲೆಗಳು' ಎಂದೇ ಹೆಸರಾಯಿತು. ಪಂಚಾಂಗ ನೋಡಿ ಮದುವೆ ಮಾಡುವವರನ್ನು ಬಲ್ಲ ನಮಗೆ, ಪಂಚಾಂಗದಂತೆ ಟೆಂಡರು ಹಾಕುವವರು ಹೊಸಬರು. 1961ರಲ್ಲಿ ಏಳು ಅಧಿಕಾರಿಗಳಿಗೆ ತಲಾ ಮೂವತ್ತು ದಿನ ಜೈಲಾಯಿತು. ಒಟ್ಟು ದಂಡ ಇಪ್ಪತ್ತು ಲಕ್ಷ ಡಾಲರನ್ನೂ ಮುಟ್ಟಲಿಲ್ಲ. ಆದರೆ ಆಮೇಲೆ ವಿದ್ಯುತ್ ಸಂಸ್ಥೆಗಳು, ಪುರಸಭೆಗಳು ಹೂಡಿದ ಖಾಸಗಿ ದಾವೆಗಳು ಸಾವಿರದ ಒಂಬೈನೂರನ್ನು ದಾಟಿದವು. ಕಂಪನಿಗಳು ಕೋಟಿಗಟ್ಟಲೆ ಡಾಲರು ತೆತ್ತದ್ದು ಅಲ್ಲಿ.

ಈ ಕತ್ತಿಗೆ ಇನ್ನೊಂದು ಅಲಗೂ ಇತ್ತೆಂಬುದನ್ನು ಮರೆಯಬಾರದು. ಇದೇ ಮೂರು ಪಟ್ಟಿನ ಸೆಕ್ಷನ್ನನ್ನು ಡ್ಯಾನ್‌ಬರಿ ಎಂಬ ಊರಿನ ಟೋಪಿ ಕಾರ್ಖಾನೆಯ ಮಾಲೀಕನೊಬ್ಬ ತನ್ನ ಸರಕನ್ನು ಬಹಿಷ್ಕರಿಸಿದ ಕಾರ್ಮಿಕರ ಮೇಲೆ ಬೀಸಿದ. 1908ರಲ್ಲಿ ಸುಪ್ರೀಂ ಕೋರ್ಟು ದಾವೆಗೆ ಅವಕಾಶ ಕೊಟ್ಟಿತು. ಟೋಪಿ ಹೊಲಿಯುವವರ ಮನೆಗಳೂ ಉಳಿತಾಯದ ಹಣವೂ ಜಪ್ತಿಗೆ ಒಳಗಾದವು. ಟ್ರಸ್ಟುಗಳಿಗೆಂದು ಮಸೆದದ್ದು ಕೂಲಿಯವನ ಕುತ್ತಿಗೆಗೆ ಬಂದಿತ್ತು.

ಟೆಟ್ರಾಸೈಕ್ಲಿನ್ ವಿಷಯಕ್ಕೆ ಮರಳೋಣ. 1961ರಲ್ಲಿ ಅಮೆರಿಕ ಸರ್ಕಾರ ಫೈಜರ್, ಸಯನಮಿಡ್, ಬ್ರಿಸ್ಟಲ್ ಕಂಪನಿಗಳ ಮೇಲೆ ಕ್ರಿಮಿನಲ್ ಖಟ್ಲೆ ಹೂಡಿತು. 1967ರಲ್ಲಿ ಜ್ಯೂರಿ ಅವು ತಪ್ಪಿತಸ್ಥ ಎಂದಿತು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. ಮರುವಿಚಾರಣೆ ಮುಗಿದು 1973ರಲ್ಲಿ ಕಂಪನಿಗಳು ನಿರ್ದೋಷಿಗಳಾಗಿ ಹೊರಬಂದವು. ಶಿಕ್ಷೆ ಉಳಿದಿದ್ದರೂ ಆ ಕಾಲದ ಕಾನೂನಿನಂತೆ ಒಂದು ಆರೋಪಕ್ಕೆ ಗರಿಷ್ಠ ದಂಡ 50,000 ಡಾಲರು ಮಾತ್ರ. ಆದರೆ ಅದೇ ವೇಳೆಗೆ ಅಮೆರಿಕದ ರಾಜ್ಯಗಳು, ನಗರಗಳು, ಸಗಟು ವ್ಯಾಪಾರಿಗಳು ಹೂಡಿದ್ದ ದಾವೆಗಳಲ್ಲಿ ಐದು ಕಂಪನಿಗಳು ಸುಮಾರು ಹತ್ತು ಕೋಟಿ ಡಾಲರಿನ ರಾಜಿಗೆ ಮುಂದೆ ಬಂದಿದ್ದವು. ಕ್ರಿಮಿನಲ್ ಖಟ್ಲೆಗೆ ಸಂದೇಹಾತೀತ ಸಾಕ್ಷ್ಯ ಬೇಕು; ಸಿವಿಲ್ ದಾವೆಗೆ ಅಷ್ಟು ಬೇಡ. ನಿರ್ದೋಷಿ ಎನಿಸಿಕೊಂಡವರೂ ಹಣ ಕೊಟ್ಟರೆಂಬುದರಲ್ಲಿ ಇದರ ಪಾತ್ರ ದೊಡ್ಡದು.

ಭಾರತ, ಇರಾನ್, ಫಿಲಿಪ್ಪೀನ್ಸ್ ಸರ್ಕಾರಗಳೂ ತಮ್ಮ ಪಾಲಿನ ನಷ್ಟಕ್ಕೆ ದಾವೆ ಹೂಡಿದವು. ಬೆಲೆ ನಿಗದಿ, ಮಾರುಕಟ್ಟೆ ಹಂಚಿಕೆ, ಪೇಟೆಂಟ್ ಕಚೇರಿಗೆ ವಂಚನೆ, ಇವು ಅವರ ಆರೋಪಗಳು. ಕಂಪನಿಗಳ ಉತ್ತರ ಒಂದು ಪದದ ಮೇಲೆ ನಿಂತಿತ್ತು. ಕಾನೂನು ಹೇಳುವುದು 'ನಷ್ಟವಾದ ಯಾವುದೇ ವ್ಯಕ್ತಿ' ಎಂದು. ಒಂದು ದೇಶ ವ್ಯಕ್ತಿಯೇ? ಈ ಪ್ರಶ್ನೆ ತಮಾಷೆಯದಲ್ಲ. ಅಮೆರಿಕ ಸರ್ಕಾರವೇ ಈ ಅರ್ಥದಲ್ಲಿ ವ್ಯಕ್ತಿಯಲ್ಲವೆಂದು 1941ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಮರುವರ್ಷವೇ ಜಾರ್ಜಿಯಾ ರಾಜ್ಯ ವ್ಯಕ್ತಿ ಹೌದು ಎಂದಿತ್ತು!

1978ರ ಜನವರಿ 11ರಂದು ತೀರ್ಪು ಬಂತು. ಐದು ಮಂದಿ ನ್ಯಾಯಮೂರ್ತಿಗಳು ಭಾರತದ ಪರ, ಮೂವರು ವಿರೋಧ. ಬಹುಮತದ ತೀರ್ಪು ಬರೆದವರು ಪಾಟರ್ ಸ್ಟೀವರ್ಟ್. ಪೇಟೆಯಲ್ಲಿ ಸರಕು ಕೊಳ್ಳುವ ವಿದೇಶಿ ಸರ್ಕಾರವೂ ಮಿಕ್ಕ ಗಿರಾಕಿಗಳಂತೆಯೇ ಮೋಸಹೋಗಬಲ್ಲದು. ಹೊರಗಿನವರ ಪಾಲಿಗೆ ಬಾಗಿಲು ಮುಚ್ಚಿದರೆ ಹೊರಗೆ ದೋಚಿದ ಲಾಭವನ್ನು ಎಣಿಸಿಕೊಂಡೇ ಕಂಪನಿಗಳು ಒಳಗೂ ಒಳಸಂಚಿಗೆ ಇಳಿದಾವು. ಇದು ಅವರ ತರ್ಕದ ತಿರುಳು. ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಒಪ್ಪಲಿಲ್ಲ. 1955ರ ತಿದ್ದುಪಡಿಯಂತೆ ಆಗ ಅಮೆರಿಕ ಸರ್ಕಾರಕ್ಕೇ ಸಿಗುತ್ತಿದ್ದುದು ನಿಜವಾದ ನಷ್ಟವಷ್ಟೇ. ಪರದೇಶಕ್ಕೆ ಮೂರು ಪಟ್ಟು ಎಲ್ಲಿಯ ನ್ಯಾಯವೆಂಬ ಅವರ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ. ಒಳಸಂಚು ನಡೆದಿತ್ತೇ ಎಂಬುದನ್ನು ಈ ತೀರ್ಪು ನಿರ್ಧರಿಸಲಿಲ್ಲ. ಕೇಳುವ ಹಕ್ಕಿದೆ ಎಂದಿತು, ಅಷ್ಟೇ.

ಆ ಹಕ್ಕೂ ಇಡಿಯಾಗಿ ಬಹಳ ಕಾಲ ಉಳಿಯಲಿಲ್ಲ. 1982ರಲ್ಲಿ ಅಮೆರಿಕದ ಸಂಸತ್ತು ಕಾನೂನು ತಿದ್ದಿ, ವಿದೇಶಿ ಸರ್ಕಾರಗಳಿಗೆ ಸಾಮಾನ್ಯವಾಗಿ ನಿಜವಾದ ನಷ್ಟವಷ್ಟೇ ಸಿಗಬೇಕೆಂದಿತು. ಇತ್ತ 1977ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇನ್ನೊಂದು ಬೇಲಿ ಹಾಕಿತ್ತು: ಒಳಸಂಚು ಮಾಡಿದವನಿಂದ ನೇರವಾಗಿ ಕೊಂಡವನು ಮಾತ್ರ ಕೇಂದ್ರದ ಕಾನೂನಿನಡಿ ಪರಿಹಾರ ಕೇಳಬಹುದು. ಅಂದರೆ ಸಗಟು ವ್ಯಾಪಾರಿಗೆ ಮೂರು ಪಟ್ಟು, ಅಂಗಡಿಯಿಂದ ಕೊಂಡ ರೋಗಿಗೆ ಏನೂ ಇಲ್ಲ. ಹೊರೆ ಕೊನೆಗೆ ಬಿದ್ದದ್ದು ಯಾರ ಮೇಲೆ ಎಂಬುದನ್ನು ಕೇಳದ ಈ ನಿಯಮ ಲೆಕ್ಕಕ್ಕೆ ಅನುಕೂಲ, ನ್ಯಾಯಕ್ಕಲ್ಲ ಎಂದೇ ನನಗನ್ನಿಸುತ್ತದೆ. ಅಲ್ಲಿನ ಅನೇಕ ರಾಜ್ಯಗಳಿಗೂ ಹಾಗೆನ್ನಿಸಿರಬೇಕು. ಅವು ತಮ್ಮದೇ ಕಾನೂನಿನಲ್ಲಿ ಅಂಥ ಗಿರಾಕಿಗೂ ದಾರಿ ಮಾಡಿಕೊಟ್ಟವು.

ಇನ್ನು ನಮ್ಮ ಮನೆಯ ಮಾತು. ವಾಷಿಂಗ್ಟನ್ನಿನಲ್ಲಿ ಭಾರತ ಪರಿಹಾರದ ಹಕ್ಕಿಗೆ ವಾದಿಸುತ್ತಿದ್ದಾಗ ನಮ್ಮದೇ ಏಕಸ್ವಾಮ್ಯ ನಿಯಂತ್ರಣ ಆಯೋಗಕ್ಕೆ ಪರಿಹಾರ ಕೊಡಿಸುವ ಅಧಿಕಾರ ಇರಲಿಲ್ಲ. 1969ರ ಎಂಆರ್‌ಟಿಪಿ ಕಾಯಿದೆಗೆ ಅದು ಸೇರಿದ್ದು 1984ರಲ್ಲಿ. ಆ ಕಾಯಿದೆಯ ಜಾಗಕ್ಕೆ ಬಂದ 2002ರ ಸ್ಪರ್ಧಾ ಕಾಯಿದೆಯಲ್ಲಿ ಪರಿಹಾರಕ್ಕೆ 53ಎನ್ ಎಂಬ ಸೆಕ್ಷನ್ ಇದೆ. ಆದರೆ ಇಲ್ಲಿ ಸಿವಿಲ್ ಕೋರ್ಟಿಗೆ ನೇರವಾಗಿ ಹೋಗುವಂತಿಲ್ಲ. ತಪ್ಪು ನಡೆದಿದೆ ಎಂದು ಆಯೋಗವೋ ಮೇಲ್ಮನವಿ ನ್ಯಾಯಮಂಡಳಿಯೋ ಹೇಳಿದ ಮೇಲೆಯೇ ಅರ್ಜಿ. ಸಿಗುವುದು ಆದ ನಷ್ಟ; ಮೂರು ಪಟ್ಟಲ್ಲ. ಆಯೋಗ ವಿಧಿಸುವ ದಂಡ ಸೇರುವುದು ಕೇಂದ್ರದ ಬೊಕ್ಕಸಕ್ಕೆ.

2012ರಲ್ಲಿ ಸ್ಪರ್ಧಾ ಆಯೋಗ, ಬೆಲೆ ಏರಿಸಲು ಕೈಜೋಡಿಸಿದವೆಂದು ಸಿಮೆಂಟ್ ಕಂಪನಿಗಳಿಗೂ ಅವುಗಳ ಸಂಘಕ್ಕೂ 6,300 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಅದು ಮರುವಿಚಾರಣೆಗೆ ಹೋಗಿ, 2016ರಲ್ಲಿ ಹೊಸ ಆದೇಶವಾಗಿ, 2018ರಲ್ಲಿ ಮೇಲ್ಮನವಿಯಲ್ಲಿ ಎತ್ತಿಹಿಡಿಯಲ್ಪಟ್ಟು, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ವರ್ಷಗಳಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದವನು ಪರಿಹಾರ ಕೇಳಬೇಕೆಂದರೆ, ಪ್ರತಿ ಚೀಲಕ್ಕೂ ಎಷ್ಟು ಹೆಚ್ಚು ತೆತ್ತೆನೆಂದು ತಾನೇ ತೋರಿಸಬೇಕು. ಅಷ್ಟು ವರ್ಷ ಹಿಂದಿನ ಸಿಮೆಂಟಿನ ರಸೀದಿ ಯಾರ ಮನೆಯ ಟ್ರಂಕಿನಲ್ಲಿದೆ?